ಬೇರಿಂಗಿನ ಬೆಲೆ

ಬೇರಿಂಗು ಎಂಬ ಮಾತನ್ನು ನಾವು ಮೊದಲು ಕೇಳಿದ್ದು ಯಂತ್ರಶಾಲೆಯಲ್ಲಲ್ಲ, ಅಜ್ಜನ ಬಾಯಿಂದ. ಅವರ ಕಾಲದಲ್ಲಿ ಊರಿನಿಂದ ಮುಂಬಯಿಗೆ ಕಾಗದ ಬರೆಯುವವರಲ್ಲಿ ಕೆಲವರು ಅಂಚೆಚೀಟಿ ಅಂಟಿಸದೆಯೇ ಡಬ್ಬಿಗೆ ಹಾಕಿಬಿಡುತ್ತಿದ್ದರಂತೆ. ಅದಕ್ಕೆ ಬೇರಿಂಗ್ ಕಾಗದವೆಂದು ಹೆಸರು. ಬರೆದವನಿಗೆ ಕಾಸಿನ ಖರ್ಚಿಲ್ಲ. ಅಂಚೆಯವನು ಬಾಗಿಲಿಗೆ ತಂದಾಗ ಪಡೆದವನು ಇಮ್ಮಡಿ ಹಣ ತೆತ್ತು ಬಿಡಿಸಿಕೊಳ್ಳಬೇಕು. ಯಂತ್ರದ ಬೇರಿಂಗು ಬೇರೆ ಪದಾರ್ಥ. ತಿರುಗುವ ದಂಡವೊಂದನ್ನು ಅದರ ನೆಲೆಯಲ್ಲಿ ಹಿಡಿದು, ಭಾರವನ್ನು ತಾನು ಹೊತ್ತು, ಉಜ್ಜಾಟವನ್ನು ತಗ್ಗಿಸುವ ಭಾಗ ಅದು. ಬೈಸಿಕಲ್ಲಿನ ಚಕ್ರದ ನಡುವೆ ಇರುವ ಉಕ್ಕಿನ ಗುಂಡುಗಳನ್ನು ಕಂಡವರಿಗೆ ಅದರ ಪರಿಚಯ ಉಂಟು. ಹೆಸರೊಂದೇ ಆದರೂ ಇವೆರಡಕ್ಕೂ ನಂಟಿಲ್ಲವೆಂದೇ ನಾವು ಬಹುಕಾಲ ತಿಳಿದಿದ್ದೆವು. ಈಗ ಹೇಳಹೊರಟಿರುವ ಕಥೆಯನ್ನು ಓದಿಕೊಂಡ ಮೇಲೆ, ನಂಟು ಇದೆ ಎಂದು ತೋರಿತು.

ನಾವು ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಓದಿದವರು. ಯಂತ್ರವಿದ್ಯೆ ನಮ್ಮ ಕಸುಬಲ್ಲ. ಈ ವಿಷಯಕ್ಕೆ ನಮ್ಮನ್ನು ಎಳೆದದ್ದು ೨೦೧೬ರ ಫೆಬ್ರವರಿಯಲ್ಲಿ ಇಲ್ಲಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ನಡೆದ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನ. ವಿಮಾನಚಾಲಕರಾದ ಅಮೋಲ್ ಯಾದವ್ ಅವರು ಇದೇ ಮುಂಬಯಿಯಲ್ಲಿ ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನ ಅಲ್ಲಿ ನಿಂತಿತ್ತು. ತಾರಸಿಯೆಂದರೆ ಹಪ್ಪಳ ಒಣಗಿಸುವ ಜಾಗವೆಂದು ತಿಳಿದಿದ್ದ ನಮಗೆ ಅದೊಂದು ಬೆರಗು. ಮನೆಯಲ್ಲಿ ವಿಮಾನ ಕಟ್ಟುವವರು ಲೋಕದಲ್ಲಿ ಎಷ್ಟು ಮಂದಿ, ಅವರು ಎಂಜಿನನ್ನು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆಗಳು ಅಂದಿನಿಂದ ಬೆನ್ನುಹತ್ತಿದವು.

ಅಮೆರಿಕದಲ್ಲಿ ಇದು ಬಹು ಹಳೆಯ ಹವ್ಯಾಸ. ೧೯೨೯ರಲ್ಲಿ ಮಿನೆಸೋಟಾ ಸಂಸ್ಥಾನದ ಬರ್ನಾರ್ಡ್ ಪೀಟನ್‌ಪೋಲ್ ಎಂಬವರು ಫೋರ್ಡ್ ‘ಮಾಡೆಲ್ ಎ’ ಕಾರಿನ ಎಂಜಿನನ್ನು ತಮ್ಮ ಪುಟ್ಟ ವಿಮಾನಕ್ಕೆ ಜೋಡಿಸಿ ಹಾರಿಸಿದರು. ೧೯೫೩ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಇಂಥ ಹವ್ಯಾಸಿಗಳ ಸಂಘವನ್ನೇ ಕಟ್ಟಿದರು. ವಿಮಾನಕ್ಕೆಂದೇ ಪ್ರಮಾಣಪತ್ರ ಪಡೆದ ಎಂಜಿನು ದುಬಾರಿ, ಕಾರಿನದು ಅಗ್ಗ. ಆದುದರಿಂದ ಹವ್ಯಾಸಿಗಳ ಕಣ್ಣು ಕಾರಿನ ಎಂಜಿನಿನ ಮೇಲೆ ಬೀಳುವುದು ಸಹಜವೇ. ಪೀಟನ್‌ಪೋಲರ ಕಾಲದ ಫೋರ್ಡ್ ಎಂಜಿನು ನಿಧಾನವಾಗಿ ಸುತ್ತುವಂಥದು. ಅದರ ದಂಡಕ್ಕೆ ಪ್ರೊಪೆಲರನ್ನು ನೇರವಾಗಿ ಬಿಗಿಯಬಹುದಾಗಿತ್ತು. ಮುಂದಿನ ಕಾಲದ ಕಾರುಗಳ ಎಂಜಿನುಗಳು ಹಾಗಲ್ಲ. ಅವು ವೇಗವಾಗಿ ಸುತ್ತಿದರೇ ಶಕ್ತಿ. ತೊಡಕು ಮೊದಲಾಗುವುದು ಅಲ್ಲಿ.

ಆ ತೊಡಕನ್ನು ಲೆಕ್ಕದಲ್ಲಿಯೇ ನೋಡೋಣ. ಆರು ಅಡಿ ಅಗಲದ ಪ್ರೊಪೆಲರು ನಿಮಿಷಕ್ಕೆ ೬,೦೦೦ ಸುತ್ತು ಸುತ್ತಿತೆನ್ನಿ. ಅದರ ಅಲಗಿನ ತುದಿ ಸೆಕೆಂಡಿಗೆ ಸುಮಾರು ೫೭೫ ಮೀಟರು ಓಡುತ್ತದೆ. ಶಬ್ದದ ವೇಗವೇ ಸೆಕೆಂಡಿಗೆ ೩೪೦ ಮೀಟರಿನ ಆಸುಪಾಸು. ತುದಿ ಶಬ್ದವನ್ನು ಮೀರಿ ಓಡಿದರೆ ಎಂಜಿನಿನ ಶಕ್ತಿ ವಿಮಾನವನ್ನು ಎಳೆಯುವುದಕ್ಕಿಂತ ಗದ್ದಲಕ್ಕೂ ಗಾಳಿಯ ತಡೆಗೂ ವೆಚ್ಚವಾಗಿಹೋಗುತ್ತದೆ. ಅದೇ ಪ್ರೊಪೆಲರನ್ನು ೨,೭೦೦ ಸುತ್ತಿಗೆ ಇಳಿಸಿದರೆ ತುದಿಯ ವೇಗ ೨೬೦ ಮೀಟರಿನೊಳಗೆ ನಿಲ್ಲುತ್ತದೆ. ಆದ್ದರಿಂದ ವೇಗದ ಎಂಜಿನಿಗೂ ನಿಧಾನದ ಪ್ರೊಪೆಲರಿಗೂ ನಡುವೆ ಸುತ್ತನ್ನು ತಗ್ಗಿಸುವ ಒಂದು ಏರ್ಪಾಟು ಬೇಕು. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಚಿಕ್ಕ ಗಾಲಿಯಿಂದ ಬೀಸುವ ಯಂತ್ರದ ದೊಡ್ಡ ಗಾಲಿಗೆ ಪಟ್ಟಿ ಹಾಕಿರುವುದನ್ನು ನೆನೆದುಕೊಂಡರೆ ಸಾಕು, ತತ್ತ್ವ ಅದೇ.

ಈ ಏರ್ಪಾಟಿನ ಚರಿತ್ರೆ ವಿಮಾನದ ಚರಿತ್ರೆಯಷ್ಟೇ ಹಳೆಯದು. ರೈಟ್ ಸಹೋದರರದೂ ಒಂದರ್ಥದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವೇ. ಡೇಟನ್ ನಗರದಲ್ಲಿ ಅವರದು ಬೈಸಿಕಲ್ ಅಂಗಡಿ. ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರಗಳಲ್ಲಿ ಎಂಜಿನನ್ನು ಸಿದ್ಧಗೊಳಿಸಿದ. ೧೯೦೩ರ ಫೆಬ್ರವರಿಯಲ್ಲಿ ಅದನ್ನು ಓಡಿಸಿ ನೋಡುತ್ತಿದ್ದಾಗ ತೊಟ್ಟಿಕ್ಕಿದ ಪೆಟ್ರೋಲಿನಿಂದ ಬೇರಿಂಗು ಬಿಗಿದುಕೊಂಡು ಎಂಜಿನಿನ ಒಡಲೇ ಒಡೆದುಹೋಯಿತು. ಹೊಸದಾಗಿ ಎರಕ ಹೊಯ್ಯಿಸಿ ಮತ್ತೆ ಓಡಿಸುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ಮಾನವನ ಮೊದಲ ವಿಮಾನವನ್ನು ಮೊದಲು ತಡೆದು ನಿಲ್ಲಿಸಿದ್ದು ಗಾಳಿಯಲ್ಲ, ಒಂದು ಬೇರಿಂಗು ಎಂಬುದನ್ನು ಓದಿದಾಗ ನಮಗೆ ಸೋಜಿಗವಾಯಿತು.

ಎಂಜಿನಿನ ಶಕ್ತಿಯನ್ನು ಎರಡು ಪ್ರೊಪೆಲರುಗಳಿಗೆ ಮುಟ್ಟಿಸಲು ಅವರು ತಮಗೆ ಗೊತ್ತಿದ್ದ ಸರಪಳಿಯನ್ನೇ ನೆಚ್ಚಿಕೊಂಡರು. ಬೈಸಿಕಲ್ಲಿನಲ್ಲಿ ತುಳಿಯುವ ಹಲ್ಲುಗಾಲಿ ದೊಡ್ಡದು, ಹಿಂದಿನದು ಚಿಕ್ಕದು. ಇಲ್ಲಿ ಅದು ತಿರುವುಮುರುವು: ಎಂಜಿನಿನ ಕಡೆ ೮ ಹಲ್ಲು, ಪ್ರೊಪೆಲರಿನ ಕಡೆ ೨೩ ಹಲ್ಲು. ನಿಮಿಷಕ್ಕೆ ಸಾವಿರದಷ್ಟಿದ್ದ ಸುತ್ತು ಮುನ್ನೂರೈವತ್ತರ ಸುಮಾರಿಗೆ ಇಳಿಯಿತು. ಲೆಕ್ಕವೇನೋ ಸರಿಯಾಗಿತ್ತು. ಆದರೆ ಕಿಟಿ ಹಾಕ್ ಎಂಬ ಸಮುದ್ರತೀರದಲ್ಲಿ ನವೆಂಬರ್ ೫ರಂದು ಎಂಜಿನನ್ನು ನಡೆಸಿದಾಗ ಅದರ ಜಗ್ಗಾಟಕ್ಕೆ ಪ್ರೊಪೆಲರಿನ ಟೊಳ್ಳು ದಂಡಗಳು ಕೆಟ್ಟವು. ಅವನ್ನು ಡೇಟನ್ನಿಗೆ ಕಳಿಸಿ ದಪ್ಪನಾದ ಕೊಳವೆಯಿಂದ ಮಾಡಿಸಿ ತರಿಸಿದರು. ಆಮೇಲೆ ಹಲ್ಲುಗಾಲಿಗಳು ಸಡಿಲಗೊಂಡವು. ಬೈಸಿಕಲ್ಲಿನ ಟಯರಿಗೆ ಹಚ್ಚುವ ಅಂಟಿನಿಂದ ಅವನ್ನು ಕೂರಿಸಿದರು. ನವೆಂಬರ್ ೨೮ರಂದು ನೋಡುತ್ತಾರೆ, ದಂಡವೊಂದರಲ್ಲಿ ಕೂದಲೆಳೆಯಂಥ ಬಿರುಕು!

ಓದುಗರು ಒಂದು ಕ್ಷಣ ಅವರ ಜಾಗದಲ್ಲಿ ನಿಂತು ನೋಡಬೇಕು. ಚಳಿಗಾಲ ಮೈಮೇಲೆ ಬಂದಿದೆ. ಅತ್ತ ವಾಷಿಂಗ್ಟನ್ನಿನಲ್ಲಿ ಸರ್ಕಾರದ ಹಣದಿಂದ ಲ್ಯಾಂಗ್ಲಿ ಎಂಬ ವಿದ್ವಾಂಸರು ತಮ್ಮ ವಿಮಾನವನ್ನು ಹಾರಿಸುವ ಸನ್ನಾಹದಲ್ಲಿದ್ದಾರೆ. ಬಿರುಕು ಕಣ್ಣಿಗೆ ಬಿದ್ದದ್ದು ಇವರಿಬ್ಬರಿಗೆ ಮಾತ್ರ. ‘ಒಂದು ಸಾರಿ ಹಾರಿ ನೋಡೋಣ’ ಎನ್ನಬಹುದಾಗಿತ್ತು. ಹಾಗೆನ್ನಲಿಲ್ಲ. ನವೆಂಬರ್ ೩೦ರಂದು ಆರ್ವಿಲ್ ರೈಟ್ ರೈಲು ಹತ್ತಿ ಊರಿಗೆ ಹೋದರು. ಈ ಸಾರಿ ಟೊಳ್ಳು ಕೊಳವೆಯನ್ನು ಬಿಟ್ಟು ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿಕೊಂಡು ಡಿಸೆಂಬರ್ ೧೧ರಂದು ಮರಳಿದರು. ಈ ನಡುವೆ ಡಿಸೆಂಬರ್ ೮ರಂದು ಲ್ಯಾಂಗ್ಲಿಯವರ ವಿಮಾನ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. ಡಿಸೆಂಬರ್ ೧೭ರಂದು ರೈಟ್ ಸಹೋದರರು ನಾಲ್ಕು ಸಾರಿ ಹಾರಿದರು. ಮೊದಲನೆಯದು ೧೨ ಸೆಕೆಂಡು, ೧೨೦ ಅಡಿ; ಕೊನೆಯದು ೫೯ ಸೆಕೆಂಡು, ೮೫೨ ಅಡಿ. ಜಗತ್ತು ಆ ೧೨ ಸೆಕೆಂಡುಗಳನ್ನು ನೆನೆಯುತ್ತದೆ. ನಮಗೆ ಮಾತ್ರ ಆ ೧೨ ದಿನಗಳ ರೈಲು ಪ್ರಯಾಣವೇ ದೊಡ್ಡದೆಂದು ತೋರುತ್ತದೆ.

ಸರಪಳಿಯ ಕಾಲ ಬೇಗನೆ ಮುಗಿದು ಗೇರುಗಳ ಕಾಲ ಬಂತು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ರೋಲ್ಸ್-ರಾಯ್ಸ್ ಕಂಪನಿ ತನ್ನ ‘ಈಗಲ್’ ಎಂಜಿನಿಗೆ ಗ್ರಹಗೇರನ್ನು ಅಳವಡಿಸಿತು. ನಡುವೆ ಸೂರ್ಯನಂತೆ ಒಂದು ಹಲ್ಲುಗಾಲಿ, ಅದರ ಸುತ್ತ ಗ್ರಹಗಳಂತೆ ಚಿಕ್ಕ ಗಾಲಿಗಳು, ಇವೆಲ್ಲವನ್ನೂ ಬಳಸಿ ಒಳಮೈಗೆ ಹಲ್ಲುಳ್ಳ ಒಂದು ಬಳೆ. ಮೂರರಲ್ಲಿ ಒಂದನ್ನು ಬಿಗಿಹಿಡಿದರೆ ಒಂದರ ವೇಗ ಇನ್ನೊಂದರಲ್ಲಿ ತಗ್ಗಿ ಹೊರಬರುತ್ತದೆ. ೧೯೧೯ರ ಜೂನಿನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು ಇಂಥ ಎರಡು ಎಂಜಿನುಗಳ ವಿಮಾನದಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ದೆಹಲಿ, ಅಲಹಾಬಾದು, ಕಲ್ಕತ್ತೆಗಳಲ್ಲಿ ಇಳಿದದ್ದೂ ಅಂಥದರಲ್ಲೇ.

ಈಗ ರೋಟರಿ ಎಂಜಿನಿನ ಸಂಗತಿ. ಮೊದಲನೆಯ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರನೆ ತಿರುಗುತ್ತಿದ್ದ ಒಂದು ರೋಟರಿ ಇತ್ತು; ನಾವು ಹೇಳುತ್ತಿರುವುದು ಅದಲ್ಲ. ಇದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆ. ೧೯೫೭ರ ಫೆಬ್ರವರಿಯಲ್ಲಿ ಎನ್.ಎಸ್.ಯು. ಕಂಪನಿಯಲ್ಲಿ ಮೊದಲು ಓಡಿತು. ನಡು ಕೊಂಚ ಒಳಸರಿದ ಕಡಲೆಕಾಯಿಯ ಆಕಾರದ ಗೂಡು. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನಾಕಾರದ ರೋಟರು. ಮೇಲೆ ಕೆಳಗೆ ಆಡುವ ಪಿಸ್ಟನ್ನು ಇಲ್ಲ, ವಾಲ್ವುಗಳಿಲ್ಲ. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಸುತ್ತುತ್ತದೆ. ೧೯೬೧ರಲ್ಲಿ ಹಿರೋಷಿಮಾದ ತೋಯೊ ಕೋಗ್ಯೊ, ಎಂದರೆ ಇಂದಿನ ಮಜ್ದಾ ಕಂಪನಿ, ಇದರ ಹಕ್ಕನ್ನು ಕೊಂಡಿತು. ಗೂಡಿನ ಒಳಮೈಯಲ್ಲಿ ಬೀಳುತ್ತಿದ್ದ ಗೀರುಗಳು ಅಲ್ಲಿಯ ಎಂಜಿನಿಯರುಗಳನ್ನು ಕಾಡಿದವು. ಪಿಶಾಚಿಯ ಉಗುರುಗೆರೆ ಎಂದು ಅವರು ಅವಕ್ಕೆ ಹೆಸರಿಟ್ಟರು. ಕೆನಿಚಿ ಯಾಮಾಮೊಟೊ ಅವರ ಮುಂದಾಳುತನದಲ್ಲಿ ೪೭ ಮಂದಿ ದುಡಿದು, ೧೯೬೭ರಲ್ಲಿ ‘ಕಾಸ್ಮೊ ಸ್ಪೋರ್ಟ್’ ಕಾರನ್ನು ಹೊರತಂದರು. ೧೯೭೮ರಲ್ಲಿ ‘ಆರ್‌ಎಕ್ಸ್-೭’ ಬಂತು.

ಹಗುರ, ಗಾತ್ರದಲ್ಲಿ ಚಿಕ್ಕದು, ಚಲಿಸುವ ಭಾಗಗಳು ಬೆರಳೆಣಿಕೆಯವು. ಹವ್ಯಾಸಿ ವಿಮಾನಗಾರರಿಗೆ ಇನ್ನೇನು ಬೇಕು? ಹಳೆಯ ಕಾರಿನಿಂದ ಕಳಚಿದ ಎರಡು ರೋಟರಿನ ಎಂಜಿನನ್ನು ಅವರು ವಿಮಾನದ ಮೂಗಿಗೆ ಜೋಡಿಸತೊಡಗಿದರು. ಆದರೆ ಅದು ಶಕ್ತಿ ಕೊಡುವುದು ೬,೦೦೦ ಸುತ್ತಿನ ಆಸುಪಾಸಿನಲ್ಲಿ. ಆಗ ಅವರಿಗೆ ಕಂಡದ್ದು ಫೋರ್ಡ್ ಕಾರುಗಳ ಆಟೊಮ್ಯಾಟಿಕ್ ಗೇರುಪೆಟ್ಟಿಗೆ. ಅದರೊಳಗೆ ಗಟ್ಟಿಮುಟ್ಟಾದ ಗ್ರಹಗೇರು ಸಿದ್ಧವಾಗಿಯೇ ಇದೆ, ಅಗ್ಗದಲ್ಲಿ ಸಿಗುತ್ತದೆ. ೨.೧೭ಕ್ಕೆ ೧, ೨.೮೫ಕ್ಕೆ ೧ ಎಂಬ ಪ್ರಮಾಣಗಳು ಬಳಕೆಗೆ ಬಂದವು. ೬,೦೦೦ ಸುತ್ತನ್ನು ಮೊದಲನೆಯದು ೨,೭೬೫ಕ್ಕೆ ಇಳಿಸುತ್ತದೆ, ಎರಡನೆಯದು ೨,೧೦೫ಕ್ಕೆ.

ಗೇರಿನ ಹಲ್ಲುಗಳು ತಾಳಿದವು. ಚಿಂತೆ ಬಂದದ್ದು ಬೇರಿಂಗಿಗೆ. ಏಕೆಂದರೆ ಕಾರಿನ ಗೇರುಪೆಟ್ಟಿಗೆಯ ದಂಡಕ್ಕೆ ತಿರುಗುವುದಷ್ಟೇ ಕೆಲಸ. ಕಾರನ್ನು ಮುಂದಕ್ಕೆ ಒಯ್ಯುವುದು ರಸ್ತೆಯನ್ನು ಕಚ್ಚಿದ ಚಕ್ರ. ವಿಮಾನದಲ್ಲಾದರೋ ಪ್ರೊಪೆಲರು ಇಡೀ ವಿಮಾನವನ್ನು ಅದೇ ದಂಡದ ಮೂಲಕ ಎಳೆಯಬೇಕು. ಎಳೆತವನ್ನು ತಡೆದು ಹಿಡಿಯುವ ಬೇರಿಂಗು ಇಲ್ಲದಿದ್ದರೆ ದಂಡ ಮುಂದಕ್ಕೆ ಜರುಗುತ್ತದೆ. ಎರಡನೆಯದಾಗಿ, ರಭಸದಿಂದ ತಿರುಗುವ ಬುಗುರಿ ತನ್ನನ್ನು ಓರೆಮಾಡಲು ಹೋದವರಿಗೆ ಅಡ್ಡಬರುವಂತೆ, ವಿಮಾನ ಮೂಗೆತ್ತಿದಾಗ, ತಿರುಗಿದಾಗ ಪ್ರೊಪೆಲರು ದಂಡವನ್ನು ಬಾಗಿಸಲು ನೋಡುತ್ತದೆ. ಇದಕ್ಕಾಗಿ ದಂಡವನ್ನು ಒಂದಕ್ಕೊಂದು ದೂರವಿರುವ ಎರಡು ಬೇರಿಂಗುಗಳು ಹಿಡಿದಿರಬೇಕು.

ಮೂರನೆಯದು ಇನ್ನೂ ಸೂಕ್ಷ್ಮ. ಈ ಗೇರುಗಳ ಹಲ್ಲು ಓರೆಯಾಗಿ ಕೊರೆದದ್ದು. ಓರೆ ಹಲ್ಲು ಸದ್ದಿಲ್ಲದೆ ಓಡುತ್ತದೆ, ನಿಜ. ಆದರೆ ಗಾಲಿಯನ್ನು ದಂಡದ ಉದ್ದಕ್ಕೆ ಒತ್ತುತ್ತದೆ. ಎಂಜಿನು ಶಕ್ತಿ ಕೊಡುವಾಗ ಒಂದು ಕಡೆಗೆ, ಶಕ್ತಿ ತಗ್ಗಿಸಿ ವಿಮಾನ ಇಳಿಯುವಾಗ ಇನ್ನೊಂದು ಕಡೆಗೆ. ಕಾರಿನಲ್ಲಿ ಈ ಒತ್ತನ್ನು ತೆಳುವಾದ ವಾಷರುಗಳು ತಾಳಿಕೊಳ್ಳುತ್ತವೆ. ಅಲ್ಲಿ ಪೂರ್ಣ ಶಕ್ತಿ ಬೇಕಾಗುವುದು ಆಗೊಮ್ಮೆ ಈಗೊಮ್ಮೆ. ವಿಮಾನದಲ್ಲಿ ಗಂಟೆಗಟ್ಟಲೆ ದುಡಿತ. ಆದುದರಿಂದ ವಾಷರಿನ ಜಾಗದಲ್ಲಿ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗನ್ನು ಕೂರಿಸುವುದು, ಅದಕ್ಕೆ ತಕ್ಕಂತೆ ಲೋಹವನ್ನು ಹೆರೆಯುವುದು, ಎಂಜಿನಿನ ಎಣ್ಣೆ ಅಲ್ಲಿಗೂ ಹರಿಯುವಂತೆ ರಂಧ್ರ ಕೊರೆಯುವುದು, ಇವೆಲ್ಲ ಅವಶ್ಯವಾಗುತ್ತವೆ. ಇದರ ಮೇಲೆ ಎಂಜಿನಿನ ಮಿಡಿತ ಬೇರೆ. ಎರಡು ರೋಟರಿನ ಎಂಜಿನು ೬,೦೦೦ ಸುತ್ತಿನಲ್ಲಿ ಸೆಕೆಂಡಿಗೆ ೨೦೦ ಸಾರಿ ಮಿಡಿಯುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತ ಹೋದರೆ ಮುಗಿಲಿಗೇರುವ ಹಾಗೆ, ಮಿಡಿತವೂ ದಂಡದ ಸಹಜ ತುಯ್ದಾಟವೂ ಒಂದುಗೂಡಿದರೆ ಉಕ್ಕು ಸಹ ಮುರಿಯುತ್ತದೆ. ರಬ್ಬರಿನ ಇಲ್ಲವೆ ಸ್ಪ್ರಿಂಗಿನ ಜೋಡಣೆಯಿಂದ ಅದನ್ನು ತಣಿಸಬೇಕು.

ಈ ವಿದ್ಯೆ ನಮ್ಮ ನಾಡಿಗೆ ದೂರದ್ದೇನೂ ಅಲ್ಲ. ಅಮೆರಿಕದ ಬರ್ಟ್ ರುಟಾನ್ ಅವರು ಹವ್ಯಾಸಿಗಳಿಗೆಂದು ರಚಿಸಿದ ‘ಲಾಂಗ್-ಈಜಿ’ ವಿಮಾನದ ನಕ್ಷೆಯನ್ನು ಆಧರಿಸಿ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ೧೯೮೭ರಲ್ಲಿ ಒಂದು ಹಗುರ ವಿಮಾನವನ್ನು ಹಾರಿಸಿತು. ಅದೇ ಸಂಸ್ಥೆಯ ‘ಹಂಸ’ ೧೯೯೩ರ ನವೆಂಬರಿನಲ್ಲಿ ಮೊದಲು ಹಾರಿತು. ೨೦೨೧ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿದ ಹೊಸ ‘ಹಂಸ’ಕ್ಕೆ ಆಸ್ಟ್ರಿಯದ ರೋಟಾಕ್ಸ್ ಎಂಜಿನು. ರೋಟರಿಯಲ್ಲವಾದರೂ ಅದೂ ವೇಗದ ಎಂಜಿನೇ: ಗರಿಷ್ಠ ೫,೮೦೦ ಸುತ್ತು. ೨.೪೩ರ ಗೇರು ಅದನ್ನು ೨,೪೦೦ರ ಸುಮಾರಿಗೆ ತಗ್ಗಿಸುತ್ತದೆ. ರೈಟ್ ಸಹೋದರರ ಎರಡು ಹಲ್ಲುಗಾಲಿಗಳ ವಂಶ ಹೀಗೆ ಕನ್ನಡನಾಡಿನವರೆಗೆ ಬೆಳೆದಿದೆ.

ಬ್ಯಾಂಕಿನಲ್ಲಿ ನಮಗೆ ಒಂದು ಪಾಠ ಮೊದಲ ವಾರದಲ್ಲೇ ಆಗುತ್ತದೆ. ದಿನದ ಕೊನೆಗೆ ಲೆಕ್ಕ ಹತ್ತು ರೂಪಾಯಿಗೆ ತಾಳೆಯಾಗದಿದ್ದರೆ, ಜೇಬಿನಿಂದ ಹತ್ತು ರೂಪಾಯಿ ಹಾಕಿ ಮನೆಗೆ ಹೋಗುವ ಹಾಗಿಲ್ಲ. ಹತ್ತು ರೂಪಾಯಿ ದೊಡ್ಡದಲ್ಲ. ಅದು ಎಲ್ಲಿ ತಪ್ಪಿತೆಂಬುದು ದೊಡ್ಡದು. ಕೊನೆಯ ಲೋಕಲ್ ಹಿಡಿದು ಮನೆ ಸೇರಿದ ದಿನಗಳು ನಮಗೂ ಉಂಟು. ನಮ್ಮ ತಪ್ಪಿಗೆ ಬಹಳವಾದರೆ ಊಟ ತಣ್ಣಗಾಗುತ್ತದೆ. ಎಣ್ಣೆಯ ಶೋಧಕದಲ್ಲಿ ಸಿಕ್ಕಿದ ಲೋಹದ ಚೂರೊಂದನ್ನು ಕಂಡೂ ಕಾಣದಂತೆ ಒರಸಿಹಾಕಿದ ಹವ್ಯಾಸಿಗೆ ಆಗುವ ನಷ್ಟ ಅಷ್ಟಕ್ಕೆ ನಿಲ್ಲುವುದಿಲ್ಲ.

ಅಜ್ಜನ ಬೇರಿಂಗ್ ಕಾಗದ ಇಲ್ಲಿ ನೆನಪಾಗುತ್ತದೆ. ಕಾರ್ಯಾಗಾರದಲ್ಲಿ ಅಂಟಿಸದೆ ಬಿಟ್ಟ ಚೀಟಿಯ ಹಣವನ್ನು ಆಕಾಶದಲ್ಲಿ ಯಾರೋ ಇಮ್ಮಡಿಯಾಗಿ ತೆರಬೇಕಾಗುತ್ತದೆ. ತೆರುವವರು ಒಮ್ಮೊಮ್ಮೆ ಪಕ್ಕದ ಆಸನದಲ್ಲಿ ಕುಳಿತ ಹೆಂಡತಿ ಮಕ್ಕಳೂ ಆಗಿರಬಹುದು. ಆರ್ವಿಲ್ ರೈಟ್ ರೈಲು ಹತ್ತಿದ್ದು ಆ ಚೀಟಿಯನ್ನು ತಾವೇ ಅಂಟಿಸುವುದಕ್ಕೆ. ರಾಜ್ಯೋತ್ಸವದ ಈ ಹೊತ್ತಿನಲ್ಲಿ ನಮಗೆ ಇನ್ನೊಂದು ಯೋಚನೆಯೂ ಬರುತ್ತದೆ. ಪರಸ್ಥಳದಲ್ಲಿ ನೆಲೆಸಿದ ನಾವು ಮಕ್ಕಳಿಗೆ ಕನ್ನಡ ಕಲಿಸುವುದನ್ನು ನಾಳೆಗೆ ನಾಳೆಗೆ ಎಂದು ಮುಂದೂಡಿದರೆ, ಆ ಕಾಗದವೂ ಬೇರಿಂಗಾಗಿಯೇ ಅವರ ಬಾಗಿಲಿಗೆ ಹೋದೀತು. ಚೀಟಿಯ ಬೆಲೆ ಇಂದು ಅಲ್ಪ; ನಾವೇ ಅಂಟಿಸಿಬಿಡೋಣ.