ಗುಣಾಕಾರ ಬಾರದ ಗಣಕಯಂತ್ರ

1986ರಲ್ಲಿ ಎಂಟನೆಯ ತರಗತಿಗೆ ಬೀಜಗಣಿತ ಬೋಧಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಇದರಿಂದ ಏನು ಉಪಯೋಗ?’ ಎಂದು ಕೇಳಿದ್ದ. ಕಪ್ಪುಹಲಗೆಯ ಮೇಲಿದ್ದುದು ಒಂದು ನಿತ್ಯಸಮೀಕರಣ: ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ಅವುಗಳ ವ್ಯತ್ಯಾಸದ ವರ್ಗವನ್ನು ಕಳೆದರೆ, ಅವುಗಳ ಗುಣಲಬ್ಧದ ನಾಲ್ಕರಷ್ಟು ಉಳಿಯುತ್ತದೆ. ‘ಪರೀಕ್ಷೆಗೆ ಬರುತ್ತದೆ, ಕೂತುಕೋ’ ಎಂದೆ. ತರಗತಿ ನಕ್ಕಿತು. ಆ ವರ್ಷವಿಡೀ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಉತ್ತರ ಪಕ್ಕದ ಕೊಠಡಿಯಲ್ಲೇ ಇತ್ತು. ಕೇಂದ್ರ ಸರ್ಕಾರವು 1984–85ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಗಣಕಯಂತ್ರ ನಮ್ಮಲ್ಲಿಗೂ ಬಂದಿತ್ತು. ಕೇಂಬ್ರಿಡ್ಜಿನ ಏಕಾರ್ನ್ ಸಂಸ್ಥೆ ರೂಪಿಸಿದ ಯಂತ್ರ. ಸ್ಮೃತಿ 32 ಕಿಲೋಬೈಟ್. ನಿಮ್ಮ ಫೋನಿನ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಧೂಳು ಬೀಳದಂತೆ ಬಟ್ಟೆ ಹೊದಿಸಿ ನಾವು ಅದನ್ನು ಭಕ್ತಿಯಿಂದ ಕಾಪಾಡಿದೆವು. ಒಳಗೇನಿದೆಯೆಂದು ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ.

ಅದರ ಮಿದುಳು 6502 ಎಂಬ ಎಂಟು ಬಿಟ್‌ಗಳ ಚಿಪ್. ಚಕ್ ಪೆಡಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1975ರಲ್ಲಿ ಇದನ್ನು ಹೊರತಂದಾಗ ಬೆಲೆ 25 ಡಾಲರ್. ಇದಕ್ಕೆ ಕೂಡಲು ಬರುತ್ತದೆ, ಕಳೆಯಲು ಬರುತ್ತದೆ, ಗುಣಿಸಲು ಬರುವುದಿಲ್ಲ! ಬಿಟ್‌ಗಳನ್ನು ಎಡಕ್ಕೆ ಒಂದು ಸ್ಥಾನ ಸರಿಸಿದರೆ ಸಂಖ್ಯೆ ಇಮ್ಮಡಿಯಾಗುತ್ತದೆ, ಅಷ್ಟೆ. ಹತ್ತರಿಂದ ಗುಣಿಸಬೇಕೆ? ಇಮ್ಮಡಿಯನ್ನೂ ಎಂಟು ಮಡಿಯನ್ನೂ ಕೂಡಿಸಬೇಕು. ಯಾವುದೇ ಎರಡು ಸಂಖ್ಯೆಗಳಾದರೆ, ಸರಿಸುವುದು, ಕೂಡುವುದು ಎಂದು ಎಂಟು ಸುತ್ತು. ಗಡಿಯಾರದ ನೂರಕ್ಕೂ ಹೆಚ್ಚು ಮಿಡಿತಗಳು ವ್ಯಯ. ಸೆಕೆಂಡಿಗೆ ಇಪ್ಪತ್ತು ಲಕ್ಷ ಮಿಡಿತವಿದ್ದರೂ, ಘನಾಕೃತಿಯೊಂದನ್ನು ಪರದೆಯ ಮೇಲೆ ತಿರುಗಿಸಲು ಪ್ರತಿ ಮೂಲೆಗೂ ಹಲವು ಗುಣಾಕಾರ ಬೇಕು, ಚಿತ್ರ ತೆವಳುತ್ತದೆ.

ಅಸೆಂಬ್ಲಿ ಭಾಷೆಯಲ್ಲಿ ಬರೆಯುತ್ತಿದ್ದ ಜಾಣರು ಇಲ್ಲಿ ನನ್ನ ಹಲಗೆಯ ಸಮೀಕರಣವನ್ನು ಹಿಡಿದರು. ಪ್ರತಿ ಸಂಖ್ಯೆಯ ವರ್ಗದ ಕಾಲುಭಾಗವನ್ನು ಮೊದಲೇ ಕೋಷ್ಟಕವಾಗಿ ಸ್ಮೃತಿಯಲ್ಲಿ ಇಡುವುದು. 13ನ್ನು 7ರಿಂದ ಗುಣಿಸಲು ಮೊತ್ತ 20, ಅದಕ್ಕೆ ಕೋಷ್ಟಕದಲ್ಲಿ 100; ವ್ಯತ್ಯಾಸ 6, ಅದಕ್ಕೆ 9. ಕಳೆದರೆ 91. ಗುಣಿಸದೆಯೇ ಗುಣಲಬ್ಧ! 255ರವರೆಗಿನ ಯಾವ ಎರಡು ಸಂಖ್ಯೆಗಳಿಗೂ ಸುಮಾರು ಒಂದು ಕಿಲೋಬೈಟ್ ಕೋಷ್ಟಕ ಸಾಕು. ಸ್ಮೃತಿಯನ್ನು ತೆತ್ತು ಸಮಯವನ್ನು ಕೊಳ್ಳುವ ವ್ಯಾಪಾರ.

ಬೆಸಸಂಖ್ಯೆಯ ವರ್ಗದಲ್ಲಿ ಕಾಲು ಉಳಿಯುವುದಿಲ್ಲವೇ ಎಂದು ನಿಮ್ಮಲ್ಲಿ ಚುರುಕಾದವರು ಕೇಳಬಹುದು. ಉಳಿಯುತ್ತದೆ. ಆದರೆ ಮೊತ್ತ ಬೆಸವಾದರೆ ವ್ಯತ್ಯಾಸವೂ ಬೆಸವೇ. ಎರಡರಲ್ಲೂ ಉಳಿಯುವುದು ಅದೇ ಕಾಲು. ಎರಡೂ ಕಡೆ ಬಿಟ್ಟುಬಿಟ್ಟರೆ ಲೆಕ್ಕ ಸರಿ. ಇದನ್ನು ಕಂಡಾಗ ನಾನು ಓದುವುದನ್ನು ನಿಲ್ಲಿಸಿ ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆ.

ಉಪಾಯ ಗಣಕಯಂತ್ರಕ್ಕಿಂತ ಹಳೆಯದು. ಫ್ರಾನ್ಸಿನ ಆಂತ್ವಾನ್ ವ್ವಾಸೆಂ 1817ರಲ್ಲೇ ಇಂಥ ಕಾಲುವರ್ಗಗಳ ಕೋಷ್ಟಕವನ್ನು ಪ್ರಕಟಿಸಿದ್ದನು. ಕೈಲೆಕ್ಕದವರ ಶ್ರಮ ಉಳಿಸಲು.

ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯೊಳಗೇ ಅಸೆಂಬ್ಲಿ ಬರೆಯುವ ಸೌಕರ್ಯವಿತ್ತು. ಬಟ್ಟೆ ಸರಿಸಿ ಆ ಹುಡುಗನನ್ನು ಕೂರಿಸಿದ್ದರೆ ಸಾಕಿತ್ತು. ಅವನಿಗೀಗ ಐವತ್ತು ದಾಟಿರಬೇಕು. ಓದುತ್ತಿದ್ದೀಯಾದರೆ, ಮಗೂ, 12ನ್ನು 7ರಿಂದ ಈ ಕ್ರಮದಲ್ಲಿ ಗುಣಿಸಿ ನೋಡು. 90ರಿಂದ 6 ಕಳೆಯಬೇಕಾಗುತ್ತದೆ.