ಒಂದು ಲ್ಯಾಪ್‌ಟಾಪ್‌ಗೆ ಎಷ್ಟು ರೊಟ್ಟಿ?

ಕರೆಂಟ್ ಹೋದಾಗ ಲ್ಯಾಪ್‌ಟಾಪನ್ನ ನಮ್ಮ ಕೈಕಾಲಿನ ಕಸುವಿನಿಂದ ನಡೆಸಬಹುದಾ? ಇವತ್ತು ಇದರ ಇತಿಹಾಸ ನೋಡೋಣ.

2005ರ ನವೆಂಬರ್, ಟ್ಯೂನಿಸ್ ನಗರ. ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಬಡ ಮಕ್ಕಳಿಗಾಗಿ 100 ಡಾಲರ್ ಲ್ಯಾಪ್‌ಟಾಪ್ ತೋರಿಸಿದರು. ಹಸಿರು ಬಣ್ಣದ ಯಂತ್ರ, ಬದಿಗೊಂದು ಹಳದಿ ಹಿಡಿಕೆ. ಬೀಸುಕಲ್ಲಿನ ಗೂಟದ ಹಾಗೆ ತಿರುವಿದ್ರೆ ಕರೆಂಟ್! ವಿಶ್ವಸಂಸ್ಥೆಯ ಕೋಫಿ ಅನ್ನಾನ್ ತಿರುವೋಕೆ ಹೋದರು, ಹಿಡಿಕೆ ಕಿತ್ತು ಕೈಗೇ ಬಂತು. ಆಮೇಲೆ ಯಂತ್ರದ ಮೈಯಿಂದ ಹಿಡಿಕೆಯನ್ನೇ ತೆಗೆದರು. ದಿನಾ ಅಷ್ಟು ಜೋರಾಗಿ ತಿರುವಿದ್ರೆ ಪ್ಲಾಸ್ಟಿಕ್ ಮೈ ತಡೆಯಲ್ಲ, ನೋಡ್ರಿ. 2006ರಲ್ಲಿ ಭಾರತ ಸರ್ಕಾರ ಈ ಲ್ಯಾಪ್‌ಟಾಪ್ ಬೇಡ ಅಂತು. ಆದರೂ 2007ರಲ್ಲಿ ಪಕ್ಕದ ಮಹಾರಾಷ್ಟ್ರದ ಖೈರಾತ್ ಊರಿನ ಶಾಲೆಗೆ ಬಂತು. ಎತ್ತು-ಹಸು ಕಟ್ಟಿ, ನಮ್ಮ ಗಾಣದ ಥರ ಡೈನಮೋ ತಿರುಗಿಸೋ ಪ್ರಯೋಗ ಕೂಡ ಭಾರತದಲ್ಲಿ ನಡೀತು.

ಕೈಗಿಂತ ಕಾಲು ಗಟ್ಟಿ. ಇದನ್ನ 1929ರ ಹೊತ್ತಿಗೇ ಆಸ್ಟ್ರೇಲಿಯಾದ ಆಲ್ಫ್ರೆಡ್ ಟ್ರೇಗರ್ ತೋರಿಸಿದ್ದ. ಅವನ ರೇಡಿಯೋಗೆ ಪೆಡಲ್ ಇತ್ತು. ಒಂಟಿ ಮನೆಗಳಲ್ಲಿದ್ದವರು ಪೆಡಲ್ ತುಳೀತಾ ಸಂದೇಶ ಕಳಿಸ್ತಿದ್ದರು, ಎರಡೂ ಕೈ ಖಾಲಿ. ತುಳಿಯೋದು ಸಂದೇಶ ಮುಗಿಯೋವರೆಗೆ ಮಾತ್ರ. ಲ್ಯಾಪ್‌ಟಾಪ್ ಹಂಗಲ್ಲ, ಗಂಟೆಗಟ್ಟಲೆ ಉಣ್ಣತೈತಿ.

ನಾನು ಬಿಕಾಂ ಓದಿದವ, ಲೆಕ್ಕ ಬಿಡಲ್ಲ. ಆರೋಗ್ಯವಂತ ಮನುಷ್ಯ ಒಂದು ತಾಸು ಪೆಡಲ್ ತುಳಿದ್ರೆ ಸುಮಾರು 75 ವ್ಯಾಟ್ ಕೊಡ್ತಾನ. ದಾರಿಯಲ್ಲಿ ಸೋರಿದ್ದು ಕಳೆದ್ರೆ, ಸಾಧಾರಣ ಲ್ಯಾಪ್‌ಟಾಪ್‌ನ ಬ್ಯಾಟರಿ ಒಂದು ಸಲ ತುಂಬತೈತಿ. ತಿಂದ ಅನ್ನದಲ್ಲಿ ಕಾಲು ಭಾಗವಷ್ಟೇ ಕೆಲಸ ಆಗೋದು, ಉಳಿದಿದ್ದು ಬೆವರು. ಅಂದ್ರೆ ತಾಸಿಗೆ ಒಂದೆರಡು ಜೋಳದ ರೊಟ್ಟಿ ಹೆಚ್ಚಿಗೆ ಬೇಕು. ಒಂದು ಯೂನಿಟ್ ಕರೆಂಟ್ ಮಾಡೋಕೆ 13 ತಾಸಿಗಿಂತ ಹೆಚ್ಚು ತುಳೀಬೇಕು. ಬಿಲ್ಲಿನಲ್ಲಿ ಅದರ ಬೆಲೆ ಕೆಲವೇ ರೂಪಾಯಿ, ಅಷ್ಟೊತ್ತಿನ ಕೂಲಿ ನೂರಾರು.

ಬಸವನ ಬಾಗೇವಾಡಿ ಕಡೆಯ ಕೂಡಗಿ ಸ್ಥಾವರ 2,400 ಮೆಗಾವ್ಯಾಟ್‌ನದು. ಅಷ್ಟನ್ನ ಪೆಡಲ್ ತುಳಿದು ಕೊಡಬೇಕಂದ್ರೆ ಒಂದೇ ಹೊತ್ತಿಗೆ 3.2 ಕೋಟಿ ಜನ ಬೇಕು, 2011ರ ಜನಗಣತಿಯ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು! ಆಲಮಟ್ಟಿಯ 290 ಮೆಗಾವ್ಯಾಟ್ ಬೇರೆ. ಇವೆರಡರ ನೆರಳಲ್ಲಿರೋ ಹಳ್ಳಿಯ ಹುಡುಗಿಗೆ ನೀನು ಪೆಡಲ್ ತುಳಿದು ಓದು ಅನ್ನೋದು ನನಗೆ ಸರಿ ಕಾಣಲ್ಲ. ಬೆಳಗಿನ ಜಾವ ಎದ್ದು ಬೀಸುತ್ತಿದ್ದ ನಮ್ಮ ಅಜ್ಜಿಯಂದಿರು ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆಗಿಟ್ಟರು. ಯಾಕಂತ ಅವರನ್ನೇ ಕೇಳ್ರಿ.

ಇನ್ನೊಂದು ದಾರಿ ಬೆಂಗಳೂರಲ್ಲಿತ್ತು: ಯಂತ್ರದ ಹಸಿವನ್ನೇ ಕಡಿಮೆ ಮಾಡೋದು. ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿ ಸೇರಿ ರೂಪಿಸಿದ ಸಿಂಪ್ಯೂಟರ್, ಅಂಗೈಯಗಲದ್ದು, ಮೂರು ಸಣ್ಣ ಸೆಲ್ ಮೇಲೆ ನಡೀತಿತ್ತು. 2004ರಲ್ಲಿ ಮಾರುಕಟ್ಟೆಗೂ ಬಂತು, ಹೆಚ್ಚು ಮಾರಾಟ ಆಗಲಿಲ್ಲ. ಈಗ ನಿಮ್ಮ ಕೈಯಲ್ಲಿರೋ ಫೋನ್ ಅದೇ ಜಾತಿ. ಹಳೇ ಸೈಕಲ್ ಡೈನಮೋ ಕೊಡೋದು 3 ವ್ಯಾಟ್. ಅದರಲ್ಲಿ ಫೋನ್ ಪೂರ್ತಿ ತುಂಬಬೇಕಂದ್ರೆ ಏಳೆಂಟು ತಾಸು ಸೈಕಲ್ ಹೊಡೀರಿ.