ಹಳೆಯ ಕಾರು: ಉಳಿಸುವುದೋ, ಕಳಿಸುವುದೋ?

ಬಹುಕಾಲ ಮನೆಯಲ್ಲಿ ಬಾಳಿದ ಸಾಮಾನನ್ನು ಇಟ್ಟುಕೊಳ್ಳಬೇಕೇ ಬಿಡಬೇಕೇ ಎಂಬ ಚರ್ಚೆ ಎಲ್ಲ ಸಂಸಾರಗಳಲ್ಲಿಯೂ ಒಂದಲ್ಲ ಒಂದು ದಿನ ಏಳುತ್ತದೆ. ಅಜ್ಜಿಯ ಒರಳುಕಲ್ಲು, ಮಕ್ಕಳನ್ನು ತೂಗಿದ ತೊಟ್ಟಿಲು, ನಿಂತುಹೋದ ಗೋಡೆಯ ಗಡಿಯಾರ ಇವುಗಳ ವಿಚಾರದಲ್ಲಿ ಚರ್ಚೆ ಬೇಗ ಮುಗಿಯುತ್ತದೆ. ಅಟ್ಟದ ಮೇಲೆ ಸ್ಥಳವಿದ್ದರೆ ಅವು ಅಲ್ಲಿಗೆ ಏರುತ್ತವೆ, ಮತ್ತೆ ನಮ್ಮನ್ನು ಏನನ್ನೂ ಕೇಳುವುದಿಲ್ಲ. ಮೋಟಾರು ಕಾರಿನ ವಿಚಾರ ಹೀಗೆ ಮುಗಿಯುವಂಥದಲ್ಲ. ಅದು ಓಡಿದರೂ ಖರ್ಚು, ನಿಂತರೂ ಖರ್ಚು. ನಿಂತಲ್ಲಿಯೇ ಟೈರು ಬಿರಿಯುತ್ತದೆ, ಬ್ಯಾಟರಿ ಕೆಡುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಆದರೂ ಯಾವ ಕಾರಿನಲ್ಲಿ ಮದುವೆಯ ದಿಬ್ಬಣ ಹೋಗಿತ್ತೋ, ಯಾವ ಕಾರಿನಲ್ಲಿ ಬಾಣಂತಿ ಮಗುವನ್ನೆತ್ತಿಕೊಂಡು ಮನೆಗೆ ಬಂದಿದ್ದಳೋ, ಅದನ್ನು ಗುಜರಿಯವನ ತಕ್ಕಡಿಗೆ ಹಾಕಲು ಮನಸ್ಸು ಬಾರದು. ತಂದೆ ‘ಇರಲಿ’ ಎನ್ನುತ್ತಾರೆ. ಮಗ ‘ಸಾಕು’ ಎನ್ನುತ್ತಾನೆ. ತಾಯಿ ಇಬ್ಬರ ಮಾತನ್ನೂ ಒಪ್ಪುತ್ತಾಳೆ.

ಈ ಪ್ರಶ್ನೆಯನ್ನು ಎದುರಿಸಿದವರು ಗೃಹಸ್ಥರು ಮಾತ್ರವೇ ಅಲ್ಲ. ಕಾರುಗಳನ್ನು ತಯಾರಿಸಿದ ಉದ್ಯಮಪತಿಗಳೂ ಸರ್ಕಾರಗಳೂ ಇದನ್ನು ಎದುರಿಸಿದ್ದುಂಟು. ಅವರು ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ನೋಡಿದರೆ ನಮ್ಮ ಮನೆಯ ಚರ್ಚೆಗೂ ಒಂದಿಷ್ಟು ಬೆಳಕು ದೊರೆತೀತು.

ಎಲ್ಲರಿಗಿಂತ ಮೊದಲು ನೆನಪಿಗೆ ಬರುವವನು ಅಮೆರಿಕದ ಹೆನ್ರಿ ಫೋರ್ಡ್. 1908ರ ಅಕ್ಟೋಬರಿನಲ್ಲಿ ಆತ ‘ಮಾಡೆಲ್ ಟಿ’ ಎಂಬ ಕಾರನ್ನು ಮಾರುಕಟ್ಟೆಗೆ ತಂದನು. ಆಗ ಅದರ ಬೆಲೆ 850 ಡಾಲರು. ನೆಲದಿಂದ ಎತ್ತರವಾದ ಮೈ, ಸರಳವಾದ ಯಂತ್ರ. ಹಳ್ಳಿಯ ರೈತನೇ ಸ್ಪ್ಯಾನರು ಹಿಡಿದು ರಿಪೇರಿ ಮಾಡಿಕೊಳ್ಳಬಹುದಾಗಿತ್ತು. 1913ರಲ್ಲಿ ಕಾರ್ಖಾನೆಯೊಳಗೆ ಕಾರೇ ಕೆಲಸಗಾರರ ಮುಂದೆ ಸಾಗಿ ಬರುವ ಏರ್ಪಾಡು ಆರಂಭವಾಯಿತು. ಒಂದು ಕಾರಿನ ಚೌಕಟ್ಟನ್ನು ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದುದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿಯುತ್ತ ಬಂದು, 1925ರ ವೇಳೆಗೆ ಅತ್ಯಂತ ಅಗ್ಗದ ಮಾದರಿ 260 ಡಾಲರಿಗೆ ಸಿಕ್ಕುತ್ತಿತ್ತು. ಸಿರಿವಂತರ ಆಟಿಕೆಯಾಗಿದ್ದ ಕಾರು ಜನಸಾಮಾನ್ಯರ ಸೊತ್ತಾದದ್ದು ಹೀಗೆ.

ಆದರೆ ಜನ ಬದಲಾದರು. ಷೆವರ್ಲೆಯಂಥ ಪ್ರತಿಸ್ಪರ್ಧಿಗಳು ಬಣ್ಣಬಣ್ಣದ, ಮಳೆ ಚಳಿ ತಾಗದ ಮುಚ್ಚಿದ ಕಾರುಗಳನ್ನು ಕಂತಿನ ಮೇಲೆ ಮಾರತೊಡಗಿದರು. ಫೋರ್ಡನ ಮಗ ಎಡ್ಸೆಲ್ ಹೊಸ ಮಾದರಿ ಬೇಕೆಂದು ತಂದೆಯನ್ನು ಒತ್ತಾಯಿಸಿದನು. 1926ರಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬನು ಇದೇ ಮಾತನ್ನು ವಿನಯವಾಗಿ ಬರೆದು ಸಲ್ಲಿಸಿ, ಕೆಲವು ತಿಂಗಳಲ್ಲಿಯೇ ಕೆಲಸ ಕಳೆದುಕೊಂಡನು. ತಾನು ಹೆತ್ತ ಕಾರನ್ನು ಬಿಡಲು ಮುದುಕನಿಗೆ ಮನಸ್ಸೇ ಬಾರದು! ಕೊನೆಗೆ 1927ರ ಮೇ 26ರಂದು, ಒಂದೂವರೆ ಕೋಟಿಯ ಸಂಖ್ಯೆಯ ಕಾರು ಹೊರಬಂದ ದಿನ, ಆತ ಸೋಲೊಪ್ಪಿದನು. ಹೊಸ ಮಾದರಿ ಇನ್ನೂ ಸಿದ್ಧವಾಗಿರಲಿಲ್ಲ. ಅದು ಜನರ ಮುಂದೆ ಬಂದದ್ದು ಡಿಸೆಂಬರ್ 2ರಂದು. ನಡುವಿನ ಆರು ತಿಂಗಳು ಕಾರ್ಖಾನೆಗಳು ಬಹುಮಟ್ಟಿಗೆ ನಿಂತಿದ್ದವು, ಸಾವಿರಾರು ಕೆಲಸಗಾರರ ಒಲೆಗಳು ಆರಿದವು. ಬದಲಾವಣೆಯನ್ನು ಮುಂದೂಡಿದವನು ಒಬ್ಬ; ಅದರ ಬೆಲೆ ತೆತ್ತವರು ಬೇರೆಯವರು.

ಈ ಕಥೆಗೆ ಇನ್ನೊಂದು ಮುಖವಿದೆ. ಹಳೆಯ ಕಾರಿನ ತಯಾರಿಕೆ ನಿಂತರೂ ಅದರ ಎಂಜಿನ್ನಿನ ತಯಾರಿಕೆಯನ್ನು ಫೋರ್ಡ್ ಸಂಸ್ಥೆ 1941ರವರೆಗೆ ನಡೆಸಿಕೊಂಡು ಬಂದಿತು. ಅದಾಗಲೇ ಕೊಂಡಿದ್ದವರು ನಡುಬೀದಿಯಲ್ಲಿ ನಿಲ್ಲಲಿಲ್ಲ. ತಯಾರಿಸುವವನು ಬಿಟ್ಟದ್ದನ್ನು ಬಳಸುವವನು ಇಟ್ಟುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಬಿಡಿಭಾಗ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಮೊದಲು ಹಂಬಲಿಸಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1935ರಲ್ಲಿ ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ಕಂಡು ಬಂದು, ಮರುವರ್ಷವೇ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅವರ ಜೊತೆಗೂಡಿದರು. ಆದರೆ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನಕ್ಕೆ ಅಂದಿನ ಬ್ರಿಟಿಷ್ ಆಡಳಿತದ ನೆರವು ಒದಗಲಿಲ್ಲ. ಮುಂದೆ 1942ರಲ್ಲಿ ಬಿರ್ಲಾ ಮನೆತನದವರ ಹಿಂದುಸ್ತಾನ್ ಮೋಟರ್ಸ್, 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದವು. ಸ್ವಾತಂತ್ರ್ಯಾನಂತರ 1953ರಲ್ಲಿ ಸರ್ಕಾರವು, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಇಲ್ಲಿ ಸ್ಥಳವಿಲ್ಲವೆಂದಿತು. ಅಮೆರಿಕದ ದೊಡ್ಡ ಸಂಸ್ಥೆಗಳು ಗಂಟುಮೂಟೆ ಕಟ್ಟಿದವು.

ಹಿಂದುಸ್ತಾನ್ ಮೋಟರ್ಸ್ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ 1948ರಲ್ಲಿ ಬಂಗಾಳದ ಉತ್ತರಪಾಡಕ್ಕೆ ಸ್ಥಳಾಂತರವಾಗಿತ್ತು. ಇಂಗ್ಲೆಂಡಿನ ‘ಮಾರಿಸ್ ಆಕ್ಸ್‌ಫರ್ಡ್’ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ ಅಲ್ಲಿ 1950ರ ದಶಕದ ಕೊನೆಯಲ್ಲಿ ‘ಅಂಬಾಸಡರ್’ ತಯಾರಾಗತೊಡಗಿತು. ಮೂಲದ ಆ ಮಾದರಿ ಇಂಗ್ಲೆಂಡಿನಲ್ಲಿ 1959ರಲ್ಲಿಯೇ ನಿಂತುಹೋಯಿತು. ಇಲ್ಲಿ ಅದೇ ದೇಹ ಸ್ವಲ್ಪ ಸ್ವಲ್ಪ ಬದಲಾಗುತ್ತ 2014ರ ಮೇ ತಿಂಗಳವರೆಗೆ, ಎಂದರೆ ಇನ್ನೂ ಐವತ್ತೈದು ವರ್ಷ, ಬಾಳಿತು. ಹೆತ್ತ ಮನೆಯಲ್ಲಿ ಬೇಡವಾದದ್ದು ಸಾಕಿದ ಮನೆಯಲ್ಲಿ ದೀರ್ಘಾಯುವಾದದ್ದಕ್ಕೆ ಇಂಥ ನಿದರ್ಶನ ಅಪರೂಪ.

ಇದಕ್ಕೆ ನಾವು ಪ್ರೀತಿಯೊಂದನ್ನೇ ಕಾರಣವೆನ್ನುವುದು ರೂಢಿ. ಪ್ರೀತಿ ಇದ್ದದ್ದು ನಿಜ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕುಳಿತು ತೊಡೆಯ ಮೇಲೆ ಇಬ್ಬರು ಮಕ್ಕಳನ್ನು ಕೂರಿಸಿಕೊಳ್ಳಬಹುದಾಗಿತ್ತು. ಡಿಕ್ಕಿಯಲ್ಲಿ ಅಡಿಗೆಯ ಪಾತ್ರೆಗಳು ಹಿಡಿಸುತ್ತಿದ್ದವು. ಗುಂಡಿಬಿದ್ದ ರಸ್ತೆಯಲ್ಲಿಯೂ ತಳ ತಾಗುತ್ತಿರಲಿಲ್ಲ. ಆದರೆ ಪ್ರೀತಿಯ ಹಿಂದೆ ಅನಿವಾರ್ಯವೂ ಇತ್ತೆಂಬುದನ್ನು ಮರೆಯಬಾರದು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲವದು. ಕೈಯಲ್ಲಿದ್ದುದನ್ನು ಬೋರು ಹೊಡೆಸಿ, ಪಿಸ್ಟನ್ ರಿಂಗು ಬದಲಿಸಿ, ಟಿಂಕರಿಂಗ್ ಮಾಡಿಸಿ ಓಡಿಸದೆ ಬೇರೆ ದಾರಿ ಇರಲಿಲ್ಲ. ಆ ಅನಿವಾರ್ಯದಿಂದಲೇ ಒಂದು ವಿದ್ಯೆ ಬೆಳೆಯಿತು. ತಾಲ್ಲೂಕು ಕೇಂದ್ರಗಳಲ್ಲಿಯೂ ಅಂಬಾಸಡರನ್ನೋ ಫಿಯಟ್ಟನ್ನೋ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಸಿದ್ಧರಾದರು. ಶಬ್ದ ಕೇಳಿಯೇ ವಾಲ್ವಿನ ದೋಷವೋ ಬೇರಿಂಗಿನದೋ ಎಂದು ಹೇಳುತ್ತಿದ್ದ ಅವರ ಕಿವಿ ಸಂಗೀತ ವಿದ್ವಾಂಸರದಕ್ಕೆ ಕಡಿಮೆಯೇನೂ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಬಿಡಿಭಾಗಗಳಿಗೆ ಹೆಸರಾದವು. ವಿನ್ಯಾಸ ಬದಲಾಗದೆ ಉಳಿದದ್ದರಿಂದ ಇಂದಿನ ಕಾರಿನ ಭಾಗ ನಿನ್ನೆಯ ಕಾರಿಗೂ ಹೊಂದುತ್ತಿತ್ತು. ಹಳೆಯ ಕಾರನ್ನು ಹೊತ್ತು ನಿಂತ ಕಂಬಗಳು ಇವು: ಮೇಸ್ತ್ರಿಯ ಕೈ, ಅಂಗಡಿಯ ಬಿಡಿಭಾಗ, ಮತ್ತು ಅದಕ್ಕೆ ಒಗ್ಗುವ ಪೆಟ್ರೋಲು ಹಾಗೂ ಕಾನೂನು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ದೆಹಲಿಯ ಒಬ್ಬ ಗೃಹಸ್ಥರಿಗೆ ಕೊಟ್ಟರು. ಅಲ್ಲಿಂದ ಗಾಳಿ ತಿರುಗಿತು. ಹಗುರವಾದ, ಕಡಿಮೆ ಪೆಟ್ರೋಲು ಕುಡಿಯುವ ಕಾರು ಸಿಕ್ಕಿದ ಮೇಲೆ ಅಂಬಾಸಡರ್ ಮೆಲ್ಲಮೆಲ್ಲನೆ ಸರ್ಕಾರಿ ಕಚೇರಿ ಮತ್ತು ಟ್ಯಾಕ್ಸಿ ನಿಲ್ದಾಣಗಳಿಗೆ ಸರಿಯಿತು. ಫಿಯಟ್ಟಿನ ವಂಶದ ಪ್ರೀಮಿಯರ್ ಪದ್ಮಿನಿ ಬೊಂಬಾಯಿಯ ಟ್ಯಾಕ್ಸಿಗಳಲ್ಲಿ ಉಳಿಯಿತು. ಸ್ವಾರಸ್ಯವೇನೆಂದರೆ, ಹಳೆಯದನ್ನು ಹಿಂದಟ್ಟಿದ ಆ ಮೊದಲ ಮಾರುತಿಯೂ ಕಾಲಕ್ರಮದಲ್ಲಿ ಹಳೆಯದಾಯಿತು. ಅದರ ಒಡೆಯರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರಲಿಲ್ಲ. ಮುಂದೆ ಅದನ್ನು ದುರಸ್ತಿಗೊಳಿಸಿ ತಯಾರಕ ಸಂಸ್ಥೆಯೇ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು.

ಇಷ್ಟರಲ್ಲಿ ಹಳೆಯ ಕಾರಿನ ಕಂಬಗಳು ಒಂದೊಂದಾಗಿ ಅಲುಗಿದವು. ಮೊದಲು ಪೆಟ್ರೋಲು. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಮಕ್ಕಳ ಮಿದುಳಿಗೆ ವಿಷ. ಆದರೆ ಹಳೆಯ ಎಂಜಿನ್ನಿನ ವಾಲ್ವು ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂದಿತು. ಮಕ್ಕಳಿಗೆ ಒಳ್ಳೆಯದಾಯಿತು, ಹಳೆಯ ಎಂಜಿನ್ನುಗಳಿಗೆ ಗಟ್ಟಿ ಲೋಹದ ಬಳೆಗಳನ್ನು ಕೂರಿಸಬೇಕಾಯಿತು. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಮಾಣ ಶೇಕಡ 20ಕ್ಕೆ ಏರಿದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಕೊಳವೆ ಸೋರಿದರೆ ಬೆಂಕಿಯ ಭಯ. ಇದನ್ನು ಬಲ್ಲ ಮೇಸ್ತ್ರಿಗಳಿಗೂ ವಯಸ್ಸಾಯಿತು. ಅವರ ಮಕ್ಕಳು ಗಣಕಯಂತ್ರ ಜೋಡಿಸಿ ದೋಷ ಹುಡುಕುವ ವಿದ್ಯೆಯನ್ನು ಕಲಿತಿದ್ದಾರೆ.

ಕಾನೂನೂ ಬದಲಾಯಿತು. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಒ. ಕಚೇರಿಯಲ್ಲಿ ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳಬೇಕು. ಬೊಂಬಾಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ, 2003ರಲ್ಲಿ ನೋಂದಣಿಯಾಗಿದ್ದ ಕೊನೆಯ ಪದ್ಮಿನಿ 2023ರ ಅಕ್ಟೋಬರ್ ಕೊನೆಗೆ ನಿವೃತ್ತವಾಯಿತು. ಇನ್ನೊಂದು ಕಡೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪ ಕೆಡದೆ ಉಳಿದಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಆಮೇಲೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವಿಕೆ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಈ ನಿಯಮದಲ್ಲಿ ಒಂದು ವಿವೇಕವಿದೆ. ಕಾರು ವಾಹನವಾಗಿ ಉಳಿಯುವುದು ಬೇರೆ, ನೆನಪಾಗಿ ಉಳಿಯುವುದು ಬೇರೆ ಎಂದು ಅದು ಗುರುತಿಸುತ್ತದೆ. ನಮ್ಮ ಮನೆಗಳಲ್ಲಿ ಚರ್ಚೆ ಮುಗಿಯದಿರುವುದು ಬಹುಮಟ್ಟಿಗೆ ಈ ಎರಡನ್ನೂ ಕಲಸಿ ಮಾತನಾಡುವುದರಿಂದ.

ಇಲ್ಲಿ ನನಗೆ ನಮ್ಮ ಶಾಸನಗಳ ಒಂದು ಮಾತು ನೆನಪಾಗುತ್ತದೆ. ಕನ್ನಡ ನಾಡಿನ ದಾನಶಾಸನಗಳಲ್ಲಿ ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ ಎಂಬ ಮಾತುಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂಬುದೂ ಮೇಲಿಂದ ಮೇಲೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಗುಡಿ ಕಟ್ಟಿಸಿದವರು ಅದು ಒಂದು ದಿನ ಮುರಿಯುತ್ತದೆ, ಬಿರಿಯುತ್ತದೆ, ಸವೆಯುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿದ್ದರು. ಗುಡಿಯ ಮೇಲೆ ತಮಗೆ ಭಕ್ತಿಯಿದೆಯೆಂದು ಹೇಳಿ ಸುಮ್ಮನಾಗಲಿಲ್ಲ. ಇಂತಿಷ್ಟು ಮತ್ತರು ಗದ್ದೆ, ಇಂತಿಷ್ಟು ತೋಟ, ಇಂಥ ಸುಂಕ ಎಂದು ಗೊತ್ತುಮಾಡಿ, ಅದರ ಉತ್ಪತ್ತಿಯಿಂದ ದುರಸ್ತಿ ನಡೆಯಲೆಂದು ಕಲ್ಲಿನಲ್ಲಿ ಬರೆಸಿದರು. ಗುಡಿಗೂ ಕಾರಿಗೂ ಹೋಲಿಕೆಯೇ ಎಂದು ಓದುಗರು ನಗಬಹುದು. ಹೋಲಿಕೆ ವಸ್ತುವಿನಲ್ಲಿಲ್ಲ, ಪದ್ಧತಿಯಲ್ಲಿದೆ. ಉಳಿಸಬೇಕೆಂಬ ಇಚ್ಛೆಯ ಬೆನ್ನಿಗೆ ಉಳಿಸುವ ಏರ್ಪಾಡೂ ಇರಬೇಕು.

ಆದ್ದರಿಂದ ಮನೆಯವರೆಲ್ಲ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು. ಈ ಕಾರಿನಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಇಂದಿನ ಹೆದ್ದಾರಿಯ ವೇಗದಲ್ಲಿ ಹೋಗಲು ಧೈರ್ಯವಿದೆಯೇ? ಇಲ್ಲವಾದರೆ ಅದರ ವಾಹನಧರ್ಮ ಮುಗಿಯಿತೆಂದೇ ತಿಳಿಯಬೇಕು. ಪ್ರಯಾಣಕ್ಕೆ ಬೇರೆ ಕಾರು ಬೇಕು. ನೆನಪಾಗಿ ಇಟ್ಟುಕೊಳ್ಳುವುದಾದರೆ ಅದಕ್ಕೆ ಮಳೆ ಬಿಸಿಲು ತಾಗದ ಸೂರು ಎಲ್ಲಿ? ಮೇಸ್ತ್ರಿ ಯಾರು? ವರ್ಷಕ್ಕೆ ತೆಗೆದಿಡುವ ಹಣ ಎಷ್ಟು? ಎಲ್ಲಕ್ಕಿಂತ ಮುಖ್ಯವಾಗಿ, ತಂದೆಯ ಕಾಲದ ಮೇಲೆ ನೋಡಿಕೊಳ್ಳುವವರು ಯಾರು? ಇವಕ್ಕೆಲ್ಲ ಉತ್ತರವಿದ್ದರೆ ಕಾರನ್ನು ಸಂತೋಷವಾಗಿ ಇಟ್ಟುಕೊಳ್ಳಬಹುದು. ಮಗ ಆಕ್ಷೇಪಿಸಲು ಕಾರಣವಿಲ್ಲ.

ಉತ್ತರವಿಲ್ಲದಿದ್ದರೆ ಕೊಡುವುದೇ ಸರಿ. ಹಾಗೆ ಕೊಡುವುದೂ ಒಂದು ಬಗೆಯಲ್ಲಿ ಉಳಿಸುವುದೇ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯವನ್ನು ಕಂಡವರಿಗೆ ಇದು ತಿಳಿದೀತು: ಒಂದೊಂದು ಮನೆಯ ಷೆಡ್ಡಿನಲ್ಲಿ ಮಣ್ಣಾಗಬಹುದಾಗಿದ್ದ ಕಾರುಗಳನ್ನು ಅಲ್ಲಿ ಸಾವಿರಾರು ಮಂದಿ ನೋಡುತ್ತಾರೆ. ಹಳೆಯ ಕಾರುಗಳನ್ನು ಪ್ರೀತಿಯಿಂದ ಸಾಕುವ ಸಂಗ್ರಾಹಕರೂ ಇದ್ದಾರೆ. ಕಾರು ದುರಸ್ತಿಗೆ ಮೀರಿ ಹೋಗಿದ್ದರೂ ಅದರ ಗೇರುಪೆಟ್ಟಿಗೆಯೋ ಬಾಗಿಲೋ ಇನ್ನೊಂದು ಅಂಬಾಸಡರನ್ನು ಹತ್ತು ವರ್ಷ ಓಡಿಸೀತು. ಕೊಡುವುದಾದರೆ ತಡಮಾಡಬಾರದು. ಎಂಜಿನ್ನು ಇನ್ನೂ ತಿರುಗುತ್ತಿರುವಾಗ, ತಗಡಿನಲ್ಲಿ ಇನ್ನೂ ಸತ್ವವಿರುವಾಗ, ಕಾಗದಪತ್ರಗಳು ಸರಿಯಾಗಿರುವಾಗ ಕೊಟ್ಟರೆ ಕೊಂಡವನಿಗೆ ಅದು ಕಾರು. ಮನಸ್ಸು ಬಾರದೆಂದು ಹತ್ತು ಮಳೆಗಾಲ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಅದನ್ನು ಕೇಳಿಕೊಂಡು ಬರುವವನು ಗುಜರಿಯವನೊಬ್ಬನೇ.